ಅಪ್ಪನ ಪಲ್ಸ್ ನಲವತ್ತಾರು

ಸೈಕಲ್ಲಿನ ಎರಡೂ ಚಕ್ರಗಳಲ್ಲಿ ಗಾಳಿ ಇರಲಿಲ್ಲ. ಪೋಸ್ಟ್‌ಮ್ಯಾನ್ ಅಪ್ಪ ಟಪಾಲು ಚೀಲ ಹೆಗಲಿಗೇರಿಸಿಕೊಂಡು ಒಮ್ಮೆ ಚಕ್ರಗಳನ್ನು, ಒಮ್ಮೆ ಮಗಳನ್ನು ನೋಡಿದ.

ಅವಳು ಬಾಯಿ ತೆರೆದರೆ ಚಟಪಟ ಮಾತು. ಅದಕ್ಕೇ ಮನೆಯಲ್ಲಿ ಎಲ್ಲರಿಗೂ ಅವಳು ಚಿನಕುರಳಿ. ಇವತ್ತು ಮಾತ್ರ ಬಾಯಿಗೆ ಬೀಗ ಬಿದ್ದಿತ್ತು.

"ಗಾಳಿ ಬಿಟ್ಟಿದ್ದು ನೀನಾ?"

"ಹೂಂ. ನೀನು ಇನ್ಮೇಲೆ ಸೈಕಲ್ ತುಳೀಬೇಡ ಅಪ್ಪ," ಎಂದವಳೇ ಗೊಳೋ ಎಂದು ಅತ್ತಳು.

ಬಿಕ್ಕುತ್ತಲೇ ವಿಷಯ ಹೊರಬಿತ್ತು. ಮನೆಯವರ ಪಲ್ಸ್ ಎಣಿಸಿ ಬರೆಯಿರಿ ಎಂದು ಟೀಚರ್ ಹೋಂವರ್ಕ್ ಕೊಟ್ಟಿದ್ದರು. ನಿಮಿಷಕ್ಕೆ ಅಮ್ಮನದು ಎಪ್ಪತ್ತಾರು, ಅವಳದು ಎಂಬತ್ತೆಂಟು. ಮಲಗಿದ್ದ ಅಪ್ಪನದನ್ನು ಮೂರು ಸಲ ಎಣಿಸಿದರೂ ನಲವತ್ತಾರೇ. ಹದಿನೆಂಟು ವರ್ಷ ಏರುಬೀದಿಗಳಲ್ಲಿ ತುಳಿದೂ ತುಳಿದೂ ಅಪ್ಪನ ಹೃದಯ ಸವೆದಿದೆ, ಇನ್ನೇನು ನಿಂತೇಹೋಗುತ್ತದೆ ಎಂದು ಅವಳಿಗೆ ಜೀವ ಬಾಯಿಗೆ ಬಂದಿತ್ತು.

ಅಪ್ಪ ನಗಲಿಲ್ಲ. ಗಾಳಿ ತುಂಬಿಕೊಂಡು ಕೆಲಸಕ್ಕೆ ಹೋದ. ಸಂಜೆ ಅವಳನ್ನು ಅತ್ತೆಯ ಬಳಿ ಕರೆದೊಯ್ದ. ಅತ್ತೆ ಎಂದರೆ ಅಪ್ಪನ ಅಕ್ಕ, ಆಸ್ಪತ್ರೆಯಲ್ಲಿ ಹೃದಯದ ಸ್ಕ್ಯಾನ್ ಮಾಡುವ ಡಾಕ್ಟರು.

ಮಬ್ಬುಗತ್ತಲೆಯ ಕೋಣೆಯಲ್ಲಿ ಅಪ್ಪ ಅಂಗಿ ಬಿಚ್ಚಿ ಎಡಮಗ್ಗುಲಿಗೆ ಮಲಗಿದ. ಅತ್ತೆ ಜೆಲ್ ಹಚ್ಚಿದಾಗ, "ಅಕ್ಕ, ಐಸ್ ಇಟ್ಟ ಹಾಗಾಯ್ತು," ಎಂದು ಮುದುಡಿಕೊಂಡ.

ಪರದೆಯ ಮೇಲೆ ಅಪ್ಪನ ಹೃದಯ ಮೂಡಿತು. ಜೋರಾಗಿ ಹಿಂಡಿಕೊಂಡಿತು. ಸಡಿಲವಾಯಿತು. ಆಮೇಲೆ ಸುಮ್ಮನಾಯಿತು.

"ಅತ್ತೆ, ನಡುನಡುವೆ ನಿಂತುಹೋಗ್ತಿದೆ," ಚಿನಕುರಳಿ ಪಿಸುಗುಟ್ಟಿದಳು.

"ನಿಂತಿಲ್ಲ ಕಣೇ, ಊಟ ಮಾಡ್ತಿದೆ. ಹಿಂಡಿಕೊಂಡಾಗ ಮೈಗೆಲ್ಲ ರಕ್ತ ಬಡಿಸುತ್ತೆ. ಆಗ ಅದರದೇ ಸಣ್ಣ ನಾಳಗಳು ಅಮುಕಿಹೋಗಿರುತ್ವೆ. ಸಡಿಲ ಬಿಟ್ಟಾಗಲೇ ಅದಕ್ಕೆ ಹೆಚ್ಚು ರಕ್ತ ಸಿಗೋದು."

"ಅದರ ಹೊಟ್ಟೆ ತುಂಬ ರಕ್ತವೇ ಇದೆಯಲ್ಲ?"

"ಅದೆಲ್ಲ ಬಡಿಸೋಕೆ. ಅದರ ಪಾಲು ಆ ಸಣ್ಣ ನಾಳಗಳಲ್ಲೇ ಬರಬೇಕು. ದಿನಾ ಸೈಕಲ್ ತುಳಿದು ಇವನ ಹೃದಯ ಗಟ್ಟಿಯಾಗಿದೆ. ಒಂದೊಂದು ಸಲಕ್ಕೂ ಜಾಸ್ತಿ ತಳ್ಳುತ್ತೆ, ಹಾಗಾಗಿ ಬಡಿತ ಕಮ್ಮಿ ಸಾಕು, ಬಿಡುವು ಜಾಸ್ತಿ. ಏರು ಹತ್ತುವಾಗ ಬಿಡುವು ಕಮ್ಮಿಯಾದ್ರೂ ಆ ನಾಳಗಳು ಚೆನ್ನಾಗಿ ಅಗಲವಾಗುತ್ವೆ. ಎಲ್ಲಾ ನೋಡಿದೆ. ಏನೂ ತೊಂದರೆ ಇಲ್ಲ."

ಚಿನಕುರಳಿ ಪರದೆಯ ಹತ್ತಿರ ಸರಿದಳು. ಅವಳು ಹುಟ್ಟುವುದಕ್ಕೂ ಮೊದಲಿನಿಂದ, ಅಪ್ಪ ಮಲಗಿದ್ದರೂ ಎದ್ದಿದ್ದರೂ, ಒಂದು ದಿನವೂ ರಜೆ ಹಾಕದೆ, ಎಲ್ಲರಿಗೂ ಬಡಿಸಿ, ಸಿಕ್ಕ ಬಿಡುವಿನಲ್ಲೇ ಇದು ಉಣ್ಣುತ್ತಾ ಬಂದಿದೆ. ನೋಡುತ್ತಾ ನೋಡುತ್ತಾ ಅವಳ ಮೈ ಜುಮ್ಮೆಂದಿತು.

ಹೃದಯ ಮತ್ತೆ ಸುಮ್ಮನಾಯಿತು.

ಈ ಸಲ ಅವಳು ಹೆದರಲಿಲ್ಲ. ನಿಧಾನವಾಗಿ ಉಣ್ಣು, ಅವಸರವೇನಿಲ್ಲ ಎಂದು ಮನಸ್ಸಿನಲ್ಲೇ ಅದಕ್ಕೆ ಹೇಳಿದಳು.