ಎಕ್ಸ್‌ಟರ್ನಲ್ ಫಾಲ್ಟ್, ಮೂರನೇ ದಿನ

"ನಿಮ್ಮ ಡಬ್ಬಿ ಕೆಟ್ಟಿದೆ. ಎತ್ಕೊಂಡು ಹೋಗಿ!"

ಫಿಟ್ಟರ್ ಅವಳಿಗೆ ಹೇಳಿದ ಮೊದಲ ಮಾತೇ ಇದು. ನಮಸ್ಕಾರವಿಲ್ಲ, ಬನ್ನಿ ಕೂತ್ಕೊಳ್ಳಿ ಎಂಬುದಿಲ್ಲ!

ಅವಳು ಡ್ರೈವ್ ರಿಪೇರಿಯವಳು. ರಟ್ಟಿನ ಪೆಟ್ಟಿಗೆ ಮಾಡುವ ಆ ಕಾರ್ಖಾನೆಯ ಅಂಟಿನ ಯಂತ್ರಕ್ಕೆ, ಮೋಟಾರಿನ ವೇಗವನ್ನು ಹಿಡಿತದಲ್ಲಿಡುವ ಡ್ರೈವ್ ಕೂರಿಸಿದ್ದು ಅವಳೇ. ಈಗ ಅದು ಹತ್ತು ನಿಮಿಷಕ್ಕೊಮ್ಮೆ ಯಂತ್ರ ನಿಲ್ಲಿಸಿ, ಪರದೆಯ ಮೇಲೆ 'ಎಕ್ಸ್‌ಟರ್ನಲ್ ಫಾಲ್ಟ್' ಎಂದು ತೋರಿಸುತ್ತಿತ್ತು.

"ತೊಂದರೆ ಹೊರಗಿದೆ ಅಂತ ಇದರರ್ಥ," ಎಂದಳು. "ಹೊರಗಿನ ಯಾವುದೋ ಸ್ವಿಚ್ ನಿಲ್ಲಿಸು ಅಂತಿದೆ. ಡ್ರೈವ್ ಪಾಪ, ಹೇಳಿದ ಮಾತು ಕೇಳ್ತಿದೆ."

"ಹೊರಗಿನ ಸ್ವಿಚ್ಚೆಲ್ಲ ನಾನೇ ಕೂರಿಸಿದ್ದು. ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ!"

ಅವಳ ಮೈಯೆಲ್ಲ ಉರಿದುಹೋಯಿತು.

'ಛೇ! ಎಂಥ ಗಂಡಸು ಇವನು!'

ಅಲ್ಲಿಂದ ಇಬ್ಬರಿಗೂ ಮಾತಿಲ್ಲ. ಅವಳಿಗೆ ಏನಾದರೂ ಬೇಕಿದ್ದರೆ ಅದೇ ಯಂತ್ರ ನಡೆಸುವ ಅವನ ಅಕ್ಕನನ್ನು ಕೇಳುತ್ತಿದ್ದಳು. ಅವನಿಗೆ ಹೇಳುವುದಿದ್ದರೆ ಗೋಡೆಗೆ ಹೇಳುತ್ತಿದ್ದ. ಅಕ್ಕನ ಎಡಗೈಯಲ್ಲಿ ಎರಡು ಬೆರಳಿರಲಿಲ್ಲ. ಯಾಕೆ ಎಂದು ಅವಳು ಕೇಳಿರಲಿಲ್ಲ.

ಮೂರನೇ ದಿನ ಅವಳ ಸೋದರಮಾವನ ಫೋನ್ ಬಂತು. ರಿಪೇರಿ ಅಂಗಡಿ ಅವನದೇ.

"ಸಂಜೆಯೊಳಗೆ ಸರಿಹೋಗ್ಲಿಲ್ಲ ಅಂದ್ರೆ ಡ್ರೈವ್ ವಾಪಸ್ ಕಳಿಸ್ತಾರಂತೆ ಕಣಮ್ಮ. ನಾಳೆಯಿಂದ ನೀನು ಅಂಗಡೀಲಿ ಕೂತು ಫೋನ್ ಎತ್ತು, ಸಾಕು."

ಫೋನ್ ಎತ್ತುವುದೇ! ಹೆಗಲಿಗೆ ಈ ಸಲಕರಣೆ ಚೀಲ ಬರಲು ಅವಳು ಮನೆಯವರ ಜೊತೆ ಆರು ವರ್ಷ ಗುದ್ದಾಡಿದ್ದಳು.

ಹೊರಗಿನ ಸ್ವಿಚ್ಚುಗಳೆಲ್ಲ ಒಂದೇ ಸಾಲಾಗಿ ಡ್ರೈವಿಗೆ ಬಂದು ಸೇರುತ್ತಿದ್ದವು. ಆ ಸಾಲಿನ ಎರಡು ತುದಿಗೆ ಗೇಣುದ್ದದ ತಂತಿಯೊಂದನ್ನು ಅಡ್ಡ ಹಾಕಿದರೆ, ಯಾವ ಸ್ವಿಚ್ಚಿನ ಮಾತೂ ಡ್ರೈವಿಗೆ ಮುಟ್ಟದು. ಆಮೇಲೂ ಯಂತ್ರ ನಿಂತರೆ ತಪ್ಪು ಡ್ರೈವಿನದು. ನಿಲ್ಲದಿದ್ದರೆ... ಅವನದು!

ಊಟದ ಹೊತ್ತು. ಯಂತ್ರದ ಬಳಿ ಯಾರೂ ಇರಲಿಲ್ಲ.

"ಯಾರೂ ಹತ್ತಿರ ಬರದ ಹಾಗೆ ನೋಡ್ಕೊಳ್ಳಿ ಸಾರ್," ಎಂದಳು ಆ ದಾರಿಯಲ್ಲಿ ಬಂದ ಮ್ಯಾನೇಜರಿಗೆ. ಅವರು ಫೋನಿನಿಂದ ತಲೆ ಎತ್ತದೆ ಹೂಂಗುಟ್ಟಿದರು.

ಹತ್ತು ಹೆಜ್ಜೆ ದೂರದಲ್ಲೇ ಫಿಟ್ಟರ್ ಇದ್ದ. ಅವನಿಗೂ ಹೇಳಬೇಕಿತ್ತು... ಹೇಳಲಿಲ್ಲ. ಮೂರು ದಿನದ ಹಟ!

ತಂತಿ ಅಡ್ಡ ಹಾಕಿ ಯಂತ್ರ ಚಾಲೂ ಮಾಡಿದಳು. ಅರ್ಧ ಗಂಟೆ ಅದು ನಿಲ್ಲದೆ ಓಡಿತು. 'ಗೆದ್ದೆ!' ಎಂದುಕೊಂಡಳು.

ಅಷ್ಟರಲ್ಲಿ ಊಟ ಮುಗಿಸಿ ಬಂದ ಅಕ್ಕ, ರೋಲರಿನಲ್ಲಿ ರಟ್ಟಿನ ಚೂರು ಸಿಕ್ಕಿಕೊಂಡಿದ್ದನ್ನು ಕಂಡು, ರೂಢಿಯಂತೆ ಅದರ ಬಾಗಿಲು ತೆರೆದು ಕೈ ಚಾಚಿದಳು. ಬಾಗಿಲು ತೆರೆದರೆ ಯಂತ್ರ ನಿಲ್ಲಬೇಕು.

ನಿಲ್ಲಲಿಲ್ಲ.

"ಅಕ್ಕಾ!"

ಫಿಟ್ಟರ್ ಹಾರಿ ಬಂದು ಅಕ್ಕನನ್ನು ಹಿಂದಕ್ಕೆಳೆದ. ಇತ್ತ ಇವಳು ತಂತಿ ಕಿತ್ತಳು. ಯಂತ್ರ ನಿಂತಿತು. ಮೂರು ದಿನ ಶಪಿಸಿದ್ದ ಅದೇ ಎರಡು ಪದ ಪರದೆಯ ಮೇಲೆ ಮೂಡಿದಾಗ, ಅವಳಿಗೆ ಹೋದ ಜೀವ ಬಂದಂತಾಯಿತು.

"ನಾಲಿಗೆ ಬಿದ್ದುಹೋಗಿತ್ತಾ ನಿಮಗೆ?" ಅವನು ಗುಡುಗಿದ. "ಒಂದು ಮಾತು ಹೇಳೋಕಾಗ್ಲಿಲ್ವಾ? ಈ ರೋಲರ್ ಎರಡು ಬೆರಳು ತಿಂದ ಮೇಲೆ ಜಗಳ ಆಡಿ ಆ ಬಾಗಿಲು, ಆ ಸ್ವಿಚ್ ಹಾಕಿಸ್ದೆ ನಾನು!"

'ಅಯ್ಯೋ... ಏನು ಮಾಡಿಬಿಟ್ಟೆ!' ಎಂದುಕೊಂಡಳು ಅವಳು.

ಮ್ಯಾನೇಜರ್ ಓಡಿಬಂದರು. "ಏನೂ ಆಗ್ಲಿಲ್ವಲ್ಲ! ಯಂತ್ರ ಚೆನ್ನಾಗಿ ಓಡ್ತು. ಆ ತಂತಿ ವಾಪಸ್ ಹಾಕಿಬಿಡಿ ಮೇಡಂ. ಡ್ರೈವ್ ಸರಿಯಿದೆ ಅಂತ ಈಗಲೇ ಸಹಿ ಮಾಡ್ತೀನಿ."

ಒಂದು ಸಹಿ. ಅಷ್ಟಾದರೆ ಚೀಲ ಅವಳ ಹೆಗಲ ಮೇಲೇ ಉಳಿಯುತ್ತಿತ್ತು.

ಅವಳು ಅಕ್ಕನ ಕೈ ನೋಡಿದಳು. ತಂತಿಯನ್ನು ಕತ್ತರಿಸಿ ಬಿಸಾಡಿದಳು.

"ಹಾಕಲ್ಲ ಸಾರ್."

"ಹಾಗಾದ್ರೆ ಆರು ಗಂಟೆಗೆ ಡಬ್ಬಿ ಬಿಚ್ಕೊಂಡು ಹೊರಡಿ!" ಅವರು ಧುಮುಗುಟ್ಟುತ್ತ ಹೋದರು.

ಅವಳು ಅಲ್ಲೇ ಕುಸಿದು ಕೂತಳು. ಕಣ್ಣೊರೆಸಿಕೊಳ್ಳುತ್ತಿದ್ದಾಗ ಪಕ್ಕದಲ್ಲಿ ಯಾರೋ ಕುಕ್ಕರಗಾಲಲ್ಲಿ ಕೂತರು. ಅವನೇ!

"ಬಾಗಿಲಿನ ಸ್ವಿಚ್ ನೋಡಿ ಮೊದಲು," ಎಂದ. ಈ ಸಲ ಗೋಡೆಗಲ್ಲ, ಅವಳಿಗೇ. "ನಾನು ಕೂರಿಸಿದ್ದು ಅನ್ನೋ ಜಂಬಕ್ಕೆ ಮುಟ್ಟೋಕೂ ಬಿಟ್ಟಿರಲಿಲ್ಲ ನಿಮ್ಮನ್ನ."

ಕರೆಂಟು ತೆಗೆದು ಅವಳು ಮೀಟರ್ ಹಚ್ಚಿದಳು. ಸಾಲು ಎಲ್ಲೂ ಕಡಿಯದೆ ಇರುವಷ್ಟು ಹೊತ್ತು ಅದು ಕುಂಯ್‌ಗುಡುತ್ತಿತ್ತು. ಅವನು ಒಂದೊಂದೇ ಕೇಬಲ್ ಅಲುಗಾಡಿಸುತ್ತ ಹೋದ. ಬಾಗಿಲಿನ ಕೀಲಿನ ಹತ್ತಿರ ಕೇಬಲ್ ಬಗ್ಗಿಸಿದಾಗ ಸದ್ದು ನಿಂತಿತು. ಬಿಟ್ಟರೆ ಮತ್ತೆ ಕುಂಯ್. ಹೊರಗಿನ ಕವಚ ಗಟ್ಟಿಯಾಗಿಯೇ ಇತ್ತು. ಒಳಗಿನ ತಾಮ್ರ ತುಂಡಾಗಿತ್ತು. ಯಂತ್ರ ಅದುರಿದಾಗಲೆಲ್ಲ ಆ ತುಂಡುಗಳು ದೂರವಾಗುತ್ತಿದ್ದವು.

ಅವನ ಮುಖ ಸಪ್ಪಗಾಯಿತು. "ಯಾರೂ ಕೀಳಬಾರದು ಅಂತ ಕೀಲಿಗೇ ಬಿಗಿಯಾಗಿ ಕಟ್ಟಿದ್ದೆ. ಬಾಗಿಲು ತೆಗೆದು ಮುಚ್ಚಿ, ತೆಗೆದು ಮುಚ್ಚಿ ಕಡಿದೇಹೋಗಿದೆ..."

ಎದ್ದವನೇ ನೇರ ಮ್ಯಾನೇಜರ್ ಕೋಣೆಗೆ ಹೋದ. "ತಪ್ಪು ನನ್ನದು ಸಾರ್. ಡ್ರೈವಿನದ್ದಲ್ಲ, ಅವರದ್ದೂ ಅಲ್ಲ." ತಲೆ ತಗ್ಗಿಸಿ ಬೈಸಿಕೊಳ್ಳುತ್ತ ನಿಂತವನನ್ನು ಅವಳು ಗಾಜಿನಾಚೆಯಿಂದ ನೋಡಿದಳು.

'ಇವನಾ ಆ ಮುಂಗೋಪಿ?' ಅವಳ ಕರುಳು ಚುರಕ್ಕೆಂದಿತು.

ಹೊಸ ಕೇಬಲನ್ನು ಸಡಿಲವಾಗಿ ಎಳೆದರು. ಆರರವರೆಗೂ ಯಂತ್ರ ನಿಲ್ಲಲಿಲ್ಲ. ಸಹಿ ಬಿತ್ತು. ಅವಳು ಚೀಲ ಹೆಗಲಿಗೇರಿಸಿದಳು. ಅಕ್ಕ ಇಬ್ಬರನ್ನೂ ಒಮ್ಮೆ ನೋಡಿ, "ನಾನು ಕೈ ತೊಳ್ಕೊಂಡು ಬರ್ತೀನಿ, ತುಂಬಾ ಹೊತ್ತಾಗುತ್ತೆ," ಎಂದು ನಗುತ್ತ ಹೋದಳು.

"ತಂತಿ ಹಾಕಿದ್ರೆ ಆಗಲೇ ಸಹಿ ಸಿಗ್ತಿತ್ತಲ್ಲ," ಎಂದ ಅವನು. "ಯಾಕೆ ಹಾಕ್ಲಿಲ್ಲ?"

"ಆಮೇಲೆ ನಂಗೆ ನಿದ್ದೆ ಬರ್ಬೇಕಲ್ಲ."

"ನಂಗೆ ಎರಡು ರಾತ್ರಿಯಿಂದ ಬಂದಿಲ್ಲ."

"ಸಿಟ್ಟಿಗಾ?"

"ಮೊದಲ ದಿನ ಸಿಟ್ಟಿಗೇ. ನಿನ್ನೆ ಯಾಕೆ ಅಂತ ಗೊತ್ತಾಗ್ಲಿಲ್ಲ..." ಅವನು ನೆಲ ನೋಡಿದ. "ಇವತ್ತು ಗೊತ್ತಾಯ್ತು. ನಾಳೆ ನೀವು ಬರಲ್ಲ. ಅದಕ್ಕೆ."

ಅವಳು ಹೆಗಲ ಚೀಲ ಕೆಳಗಿಟ್ಟಳು.

"ಬಂದ್ರೆ ಮತ್ತೆ ಬೈತೀರಾ?"

"ಬೈಬೋದು... ಮುಂಗೋಪ ಒಂದೇ ದಿನಕ್ಕೆ ಹೋಗಲ್ಲ."

"ಬೈರಿ," ಎಂದಳು ಅವಳು, ಕಣ್ತುಂಬಿಕೊಂಡು. "ಮಾತು ಮಾತ್ರ ಬಿಡ್ಬೇಡಿ. ಇನ್ಮೇಲೆ ನಾನೂ ಬಿಡಲ್ಲ."