ಸೋರದ ರೇಡಿಯೇಟರ್

ಅವನು ನನ್ನ ಜೊತೆ ಆಡಿದ ಮೊದಲ ಮಾತೇ ಬೈಗುಳ.

ಅಪ್ಪನ ಹಳೆಯ ಕಾರು ನಡುರಸ್ತೆಯಲ್ಲಿ ಬುಸುಗುಟ್ಟುತ್ತ ನಿಂತುಬಿಟ್ಟಿತ್ತು. ಅಪ್ಪನಿಗಿಂತ ಎರಡು ವರ್ಷ ದೊಡ್ಡದು ಆ ಕಾರು. ಬಾನೆಟ್ಟಿನ ಸಂದಿಯಿಂದ ಹಬೆ ಏಳುತ್ತಿತ್ತು. ನಾನು ಕರ್ಚೀಫನ್ನು ನಾಲ್ಕು ಮಡಿಕೆ ಮಾಡಿ ರೇಡಿಯೇಟರಿನ ಮುಚ್ಚಳ ತಿರುಗಿಸಲು ಹೋದೆ.

"ಏಯ್, ಬುದ್ಧಿ ಇಲ್ವಾ! ಕೈ ಬೇಕೋ ಬೇಡ್ವೋ?"

ಎದುರಿನ ಅಂಗಡಿಯಿಂದ ಓಡಿ ಬಂದವನು ನನ್ನ ಮಣಿಕಟ್ಟು ಹಿಡಿದು ಹಿಂದಕ್ಕೆಳೆದ. ಮುಖ ನೋಡಿದ್ದೇ ಕೈ ಬಿಟ್ಟ. "ಸಾರಿ ಮೇಡಂ. ಅದನ್ನ ತೆಗೆದಿದ್ರೆ ಕುದಿಯೋ ನೀರು ಮುಖಕ್ಕೇ ಹಾರ್ತಿತ್ತು."

ಮಣಿಕಟ್ಟಿನ ಮೇಲೆ ಅವನ ಐದೂ ಬೆರಳಿನ ಮಸಿ ಕೂತಿತ್ತು. ಮನೆಗೆ ಹೋಗಿ ಸೋಪು ಹಾಕಿ ತೊಳೆಯುವಾಗ ಒಂದು ಬೆರಳಿನ ಗುರುತನ್ನು ಮಾತ್ರ ಹಾಗೇ ಉಳಿಸಿಕೊಂಡೆ. ನನಗೆ ಮೂವತ್ತಮೂರು ವರ್ಷ. ಪುಟ್ಟ ಮಕ್ಕಳ ಶಾಲೆಯಲ್ಲಿ ಟೀಚರ್. ಸುಳ್ಳು ಹೇಳಬಾರದು, ಹೇಳಿದರೆ ಬೇಗ ಒಪ್ಪಿಕೊಳ್ಳಬೇಕು ಎಂದು ದಿನಕ್ಕೆ ಹತ್ತು ಸಲ ಮಕ್ಕಳಿಗೆ ಹೇಳುವವಳು.

ಅಂಗಡಿ ಅವನ ದೊಡ್ಡಮ್ಮನದು. ರೇಡಿಯೇಟರ್ ಬಿಟ್ಟರೆ ಬೇರೇನನ್ನೂ ಅಲ್ಲಿ ಮುಟ್ಟುತ್ತಿರಲಿಲ್ಲ. ಮರುದಿನ ಹೋದಾಗ ಅವನು ನಮ್ಮ ರೇಡಿಯೇಟರನ್ನು ಕಳಚಿ, ಅದರ ಬಾಯಿಗಳಿಗೆ ರಬ್ಬರಿನ ಬಿರಡೆ ಒತ್ತಿ, ಗಾಳಿ ತುಂಬಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿದ್ದ.

"ಬನ್ನಿ ಟೀಚರ್, ನೋಡಿ. ಉಸಿರು ಮಾತ್ರ ಬಿಡಬೇಡಿ."

"ಯಾಕೆ?"

"ನೀರು ಅಲುಗಾಡಿದ್ರೆ ಗುಳ್ಳೆ ಕಾಣಲ್ಲ."

ಇಬ್ಬರೂ ತೊಟ್ಟಿಯ ಮೇಲೆ ಬಗ್ಗಿದೆವು. ಹಿತ್ತಾಳೆಯ ಅಂಚಿನ ಹತ್ತಿರದಿಂದ ಸಾಸಿವೆಯಷ್ಟು ಪುಟ್ಟ ಗುಳ್ಳೆಗಳು ಒಂದರ ಹಿಂದೊಂದು ಎದ್ದು ಬಂದವು. ಜಾತ್ರೆಯ ಜನರ ನಡುವೆ ಕಳೆದುಹೋದ ಮಗು ಸಿಕ್ಕಿದವನ ಹಾಗೆ ಅವನ ಮುಖ ಅರಳಿತು. ನಾನು ಗುಳ್ಳೆ ನೋಡಿದ್ದು ಕಡಿಮೆ.

"ಲೋ ಗುಳ್ಳೆ, ಗಿರಾಕಿನ ತೊಟ್ಟಿಗೆ ತಳ್ಳಿಬಿಟ್ಟೀಯ!" ಒಳಗಿನಿಂದ ದೊಡ್ಡಮ್ಮ ಕೂಗಿದರು.

ಅವನ ಕಿವಿ ಕೆಂಪಾಯಿತು. "ಚಿಕ್ಕಂದಿನಿಂದ ಈ ತೊಟ್ಟಿ ಮುಂದೇನೇ ಕೂರ್ತಿದ್ದೆ. ಅದಕ್ಕೇ ಆ ಹೆಸರು," ಎಂದ.

ಸೋರುವ ಜಾಗವನ್ನು ಉಜ್ಜಿ, ಒರೆಸಿ, ಬೆಸುಗೆ ಹಾಕಿದ. ಕಾರಿಗೆ ಕೂರಿಸಿ ಕೈ ಒರೆಸಿಕೊಳ್ಳುತ್ತ, "ಇನ್ನು ಹತ್ತು ವರ್ಷ ನೀವು ಈ ಕಡೆ ತಲೆ ಹಾಕಬೇಕಾಗಿಲ್ಲ," ಎಂದ. ಎಷ್ಟು ಹೆಮ್ಮೆಯಿಂದ ಹೇಳಿದನೆಂದರೆ, ನನಗೆ ಅಳು ಬರುವಂತಾಯಿತು.

ಹನ್ನೊಂದನೆಯ ದಿನ ನಾನು ಆ ಕೆಲಸ ಮಾಡಿದೆ.

ರೇಡಿಯೇಟರಿನ ತಳದಲ್ಲಿ ನೀರು ಇಳಿಸಲು ಒಂದು ಸಣ್ಣ ನಲ್ಲಿ ಇರುತ್ತದೆ. ಅಪ್ಪ ಮಧ್ಯಾಹ್ನದ ನಿದ್ದೆಯಲ್ಲಿದ್ದಾಗ ಅದರ ಕೆಳಗೆ ಬಟ್ಟೆ ನೆನೆಸುವ ಬಕೆಟ್ ಇಟ್ಟು, ಎರಡು ಚೊಂಬಿನಷ್ಟು ನೀರು ಇಳಿಸಿ, ನಲ್ಲಿಯನ್ನು ಮೊದಲಿನಂತೆ ಬಿಗಿ ಮಾಡಿದೆ. ಆ ನೀರನ್ನು ಹಿತ್ತಲಲ್ಲಿ ಚೆಲ್ಲಿದೆ.

"ನೀರು ಮತ್ತೆ ಕಮ್ಮಿ ಆಗಿದೆ," ಎಂದೆ ಅವನಿಗೆ.

"ಆಗಬಾರದಲ್ಲ!" ಎಂದ ಅವನು.

ಮತ್ತೆ ಕಳಚಿದ, ಮತ್ತೆ ಮುಳುಗಿಸಿದ. ಗುಳ್ಳೆ ಬರಲಿಲ್ಲ. ಹೇಗೆ ಬಂದೀತು? ಅವನು ಹುಡುಕುತ್ತಲೇ ಇದ್ದ, ನಾನು ಪಕ್ಕದಲ್ಲಿ ಕೂತು ಮಾತಾಡುತ್ತಲೇ ಇದ್ದೆ. ನನ್ನ ಕ್ಲಾಸಿನ ತುಂಟನೊಬ್ಬ ಸೀಮೆಸುಣ್ಣ ತಿಂದ ಕಥೆ ಕೇಳಿ ಅವನು ತೊಟ್ಟಿಯ ಅಂಚು ಹಿಡಿದು ನಕ್ಕ. ಆ ನಗುವಿಗಾಗಿ ಇನ್ನೂ ಮೂರು ಸಲ ನೀರು ಇಳಿಸಿದೆ.

ಎರಡನೆಯ ಸಲ ಅವನು ಬಿಸಿನೀರು ಹಾಕಿ ನೋಡಿದ. ಮೂರನೆಯ ಸಲ ಇಂಜಿನ್ ಮೆಕ್ಯಾನಿಕ್‌ನನ್ನು ಕರೆಸಿದ. ಇಂಜಿನ್ನಿನಲ್ಲಿ ದೋಷವಿಲ್ಲ ಎಂದಾಯಿತು. ನಲ್ಲಿಯನ್ನೂ ಮುಟ್ಟಿ ನೋಡಿದ. ಒಂದು ಹನಿಯೂ ಒಸರಲಿಲ್ಲ. ನಾಲ್ಕನೆಯ ಸಲ ಅವನು ನಗಲೂ ಇಲ್ಲ, ಮಕ್ಕಳ ಸುದ್ದಿ ಕೇಳಲೂ ಇಲ್ಲ.

"ದೊಡ್ಡಪ್ಪಂಗೂ ಹೀಗೇ ಶುರುವಾಗಿದ್ದು," ಎಂದ, ತೊಟ್ಟಿಯನ್ನೇ ನೋಡುತ್ತ. "ಮೊದಲು ಗುಳ್ಳೆ ಕಾಣೋದು ನಿಂತಿತು. ಆಮೇಲೆ ದಾರಿನೇ ಕಾಣಲಿಲ್ಲ."

ಅಂದೇ ಹೇಳಬಹುದಿತ್ತು. ಬಾಯಿ ತೆರೆದೆ. "ಬಿಸಿಲು ಜಾಸ್ತಿ ಅಲ್ವಾ," ಎಂದೆ.

ಮರುದಿನ ಬೆಳಿಗ್ಗೆ ತರಕಾರಿ ಹೆಚ್ಚುತ್ತಿದ್ದಾಗ ಅಪ್ಪ ಫೋನಿನಲ್ಲಿ ಮಾತಾಡುವುದು ಕೇಳಿಸಿತು. ಹಳೆಯ ಕಾರಿನವರೆಲ್ಲ ಸೇರಿಕೊಂಡ ಅವರ ಗುಂಪಿನ ಗೆಳೆಯರೊಬ್ಬರಿಗೆ ಹೇಳುತ್ತಿದ್ದರು: "ಆ ಹುಡುಗನ ಹತ್ರ ಮಾತ್ರ ಕೊಡಬೇಡ ಕಣಯ್ಯ. ನಾಲ್ಕು ಸಲ ಬಿಚ್ಚಿದಾನೆ, ಒಂದು ತೂತು ಮುಚ್ಚೋಕಾಗಿಲ್ಲ. ಎಲ್ಲರಿಗೂ ಹೇಳ್ತಿದೀನಿ."

ಚಾಕು ಬೆರಳಿಗೆ ತಾಗಿತು. ಬೆರಳನ್ನು ಬಾಯಲ್ಲಿಟ್ಟುಕೊಂಡೇ ಕಾರು ಹತ್ತಿದೆ.

ಅಂಗಡಿಯಲ್ಲಿ ಅವನು ಬೆಸುಗೆಯ ಸಾಮಾನುಗಳನ್ನು ಡಬ್ಬಕ್ಕೆ ತುಂಬುತ್ತಿದ್ದ. ಮೂಗಿನ ಮೇಲೆ ದಪ್ಪನೆಯ ಹೊಸ ಕನ್ನಡಕ ಕೂತಿತ್ತು.

"ಡಾಕ್ಟರ್ ಏನೂ ಇಲ್ಲ ಅಂದ್ರು. ನಾನೇ ಹಟ ಮಾಡಿ ಹಾಕಿಸ್ಕೊಂಡೆ," ಎಂದ. "ಇದರಲ್ಲಿ ಇನ್ನೂ ಕಾಣಲ್ಲ ಟೀಚರ್. ಸೋಮವಾರದಿಂದ ಟೈರ್ ಅಂಗಡಿಗೆ ಹೋಗ್ತಿದೀನಿ. ಟೈರ್ ಆದ್ರೆ ದೊಡ್ಡದು, ಕಾಣುತ್ತೆ."

ತಮಾಷೆಯಾಗಿ ಹೇಳಲು ನೋಡಿದ.

"ಕನ್ನಡಕ ತೆಗೀರಿ," ಎಂದೆ. "ನಿಮ್ಮ ಕಣ್ಣಿಗೆ ಏನೂ ಆಗಿಲ್ಲ. ಆ ರೇಡಿಯೇಟರ್ ಸೋರ್ತಾನೇ ಇಲ್ಲ. ನೀರು ನಾನು ಇಳಿಸ್ತಿದ್ದೆ. ನಾನೇ ನಲ್ಲಿ ತಿರುಗಿಸ್ತಿದ್ದೆ. ನಾಲ್ಕು ಸಲವೂ."

ಅವನು ಕೈಯಲ್ಲಿದ್ದ ಸಾಮಾನನ್ನು ಡಬ್ಬದ ಪಕ್ಕಕ್ಕಿಟ್ಟ.

"ಯಾಕೆ?"

"ಹತ್ತು ವರ್ಷ ಬರಬೇಕಾಗಿಲ್ಲ ಅಂದ್ರಲ್ಲ. ನಿಮ್ಮನ್ನ ನೋಡದೆ ನನಗೆ ಹತ್ತು ದಿನದ ಮೇಲೆ ಇರೋಕಾಗಲಿಲ್ಲ."

ಅವನು ಕನ್ನಡಕ ತೆಗೆದ. ಮೊದಲು ನೋಡಿದ್ದು ತನ್ನ ಕೈಗಳನ್ನು. ಅಂಗೈ ನೋಡಿ, ಮಗುಚಿ ಮತ್ತೆ ನೋಡಿದ. ಆಮೇಲೆ ನನ್ನನ್ನು ನೋಡಿದ.

"ಮೂರು ವಾರದಿಂದ ನಾನು ಕಣ್ಣು ಮುಚ್ಚಿ ಅಭ್ಯಾಸ ಮಾಡ್ತಿದ್ದೆ ಟೀಚರ್. ಮನೇಲಿ ಗೋಡೆ ಹಿಡ್ಕೊಂಡು ನಡೀತಿದ್ದೆ. ಮುಂದೆ ಬೇಕಾಗುತ್ತಲ್ಲ ಅಂತ."

ಅವನು ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆ.

ಒಳಗಿನಿಂದ ದೊಡ್ಡಮ್ಮ ಬಂದರು. ಸೆರಗಿನಲ್ಲಿ ಕೈ ಒರೆಸಿಕೊಂಡು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ಎಲ್ಲಾ ಕೇಳಿಸ್ತು. ಪ್ರೀತಿ ಮಾಡೋಕೆ ನಿನಗೆ ನನ್ನ ಮಗನ ಅನ್ನಕ್ಕೇ ಕಲ್ಲು ಹಾಕಬೇಕಿತ್ತೇನಮ್ಮ? ನಿಮ್ಮಪ್ಪಂಗೆ ಹೇಳಿದೀಯಾ?"

"ಇಲ್ಲ."

"ಮೊದಲು ಅಲ್ಲಿ ಹೇಳು. ಇವನ ಹೆಸರು ಕೆಡಿಸಿದ ಬಾಯಿ ಅದು. ಆ ಬಾಯಿಂದಾನೇ ಸರಿಹೋಗಬೇಕು."

ಅವನು ಬೆನ್ನು ತಿರುಗಿಸಿಕೊಂಡು ನಿಂತಿದ್ದ. ತಡೆಯಲಿಲ್ಲ, ಬೀಳ್ಕೊಡಲೂ ಇಲ್ಲ.

ಅಪ್ಪನ ಮುಂದೆ ನಿಂತು ಎಲ್ಲವನ್ನೂ ಹೇಳಿದೆ. ಅಮ್ಮ ಹೋದ ಮೇಲೆ ನನ್ನನ್ನು ಒಮ್ಮೆಯೂ ಗದರದ ಅಪ್ಪ, ಆಗಲೂ ಗದರಲಿಲ್ಲ. ಟಿ.ವಿ. ಆರಿಸಿ ಫೋನ್ ತೆಗೆದುಕೊಂಡರು. ಒಬ್ಬೊಬ್ಬರಿಗೂ ಅದೇ ಮಾತು: "ತಪ್ಪು ನಮ್ಮ ಮನೇದು. ಆ ಹುಡುಗನ ಕೆಲಸ ಚೊಕ್ಕ. ನಿನ್ನ ಗಾಡಿ ಅಲ್ಲಿಗೇ ಕೊಡು. ಹೌದಪ್ಪ, ನಾನೇ ಹೇಳ್ತಿದೀನಿ." ಏಳು ಜನರ ಮುಂದೆ ನನ್ನ ಅಪ್ಪ ತಲೆ ತಗ್ಗಿಸಿದ್ದನ್ನು ಬಾಗಿಲ ಬಳಿ ನಿಂತು ಕೇಳಿದೆ. ಯಾರಿಗೂ ನನ್ನ ಹೆಸರು ಹೇಳಲಿಲ್ಲ.

ಕೊನೆಗೆ ಕೈ ಚಾಚಿದರು. "ಕಾರಿನ ಕೀಲಿ ಕೊಡು."

ಕೊಟ್ಟೆ.

"ಅವನನ್ನ ನೋಡಬೇಕು ಅನ್ನಿಸಿದ್ರೆ ದೇವರು ಕಾಲು ಕೊಟ್ಟಿದಾನೆ. ಪಾಪ, ಆ ಮುದಿಗಾಡಿನ ಯಾಕೆ ಎಳೀತೀಯ?"

ಶನಿವಾರ ನಡೆದೇ ಹೋದೆ. ಮುಕ್ಕಾಲು ಗಂಟೆಯ ದಾರಿ. ಅಂಗಡಿಯ ಮುಂದೆ ಅಪ್ಪನ ಗುಂಪಿನ ಎರಡು ಹಳೆಯ ಕಾರುಗಳು ನಿಂತಿದ್ದವು. ಅವನು ಕನ್ನಡಕವಿಲ್ಲದೆ ಕೆಲಸ ಮಾಡುತ್ತಿದ್ದ. ನನ್ನ ಹೆಜ್ಜೆ ಕೇಳಿಸಿದರೂ ತಿರುಗಲಿಲ್ಲ.

"ಕಾರೆಲ್ಲಿ?"

"ಅಪ್ಪ ಕೀಲಿ ಇಸ್ಕೊಂಡ್ರು."

"ಒಳ್ಳೇ ಕೆಲಸ ಮಾಡಿದ್ರು."

ಬಿಸಿಲಲ್ಲೇ ನಿಂತೆ. ಸ್ವಲ್ಪ ಹೊತ್ತಾದ ಮೇಲೆ ಅವನೇ ಹೇಳಿದ: "ನನಗಿನ್ನೂ ಕೋಪ ಹೋಗಿಲ್ಲ."

"ಹೋಗೋವರೆಗೂ ಬರ್ತೀನಿ."

"ಬೇಗ ಹೋಗೋ ಕೋಪ ಅಲ್ಲ ಇದು."

"ನನಗೂ ಬೇರೆ ಕೆಲಸ ಇಲ್ಲ."

ಒಳಗೆ ದೊಡ್ಡಮ್ಮ ಕೆಮ್ಮಿದರು. ಅವನು ಒಂದು ತಂತಿ ಬ್ರಷ್ಷನ್ನೂ ಕಿಲುಬು ಹಿಡಿದ ಹಿತ್ತಾಳೆಯ ಟ್ಯಾಂಕನ್ನೂ ನನ್ನ ಮುಂದಿಟ್ಟ. "ಸುಮ್ನೆ ಕೂರೋ ಹಾಗಿಲ್ಲ. ಉಜ್ಜಿ."

ಉಜ್ಜಿದೆ. ಮೂರು ಗಂಟೆ ಅವನು ಒಂದು ಮಾತೂ ಆಡಲಿಲ್ಲ. ಕೈಯಲ್ಲಿ ಬೊಬ್ಬೆ ಎದ್ದಿತು, ಉಗುರೆಲ್ಲ ಹಸಿರಾಯಿತು. ನೋವಾದಷ್ಟೂ ಮನಸ್ಸಿಗೆ ಸ್ವಲ್ಪ ಹಗುರವಾಗುತ್ತಿತ್ತು. ಸಂಜೆ ಹೊರಟಾಗ ಅವನು ಟ್ಯಾಂಕನ್ನು ಬೆಳಕಿಗೆ ಹಿಡಿದು ಮೂಲೆ ಮೂಲೆ ಪರೀಕ್ಷಿಸಿದ. ಒಂದು ಕಡೆ ಬೆರಳಿಟ್ಟು ತೋರಿಸಿದ.

"ಇಲ್ಲಿ ಇನ್ನೂ ಉಳಿದಿದೆ."

"ನಾಳೆ ಉಜ್ಜಲಾ?"

ಅವನು ಟ್ಯಾಂಕನ್ನು ಕೆಳಗಿಟ್ಟು, ಅಂದು ಮೊದಲ ಸಲ ನೇರವಾಗಿ ನನ್ನ ಮುಖ ನೋಡಿದ.

"ಬಿಸಿಲೇರೋ ಮುಂಚೆ ಬಾ," ಎಂದ. "ಅಷ್ಟು ದೂರ ನಡೀಬೇಕಲ್ಲ."