ಪುರವಣಿಯಲ್ಲಿ ಬಿಟ್ಟುಹೋದ ಹತ್ತನೆಯ ಜಾಗ

ಸೋಮವಾರ ಬೆಳಿಗ್ಗೆ ಹತ್ತು ನಲವತ್ತಕ್ಕೆ ಬಸ್ ಕಂಡಕ್ಟರ್ ಒಬ್ಬಳು ಸಮವಸ್ತ್ರದಲ್ಲೇ ಠಾಣೆಗೆ ಬಂದು, ಪತ್ರಿಕೆಯ ಪುರವಣಿಯೊಂದನ್ನು ಇನ್‌ಸ್ಪೆಕ್ಟರ್ ಮೇಜಿನ ಮೇಲೆ ಬಿಡಿಸಿಟ್ಟಳು. ‘ನಾನು ಕಂಡ ನಗರ: ಫೋಟೋಗೆ ಒಂಬತ್ತು ಜಾಗ’ ಎಂಬ ತಲೆಬರಹ, ಕೆಳಗೆ ಅವಳದೇ ನಗುಮುಖ. ಅದು ಅಚ್ಚಾಗಿ ಹದಿನೈದು ದಿನವಾಗಿತ್ತು. ಜನ ಪುಟವನ್ನು ಕತ್ತರಿಸಿಕೊಂಡು ಆ ಜಾಗಗಳನ್ನು ಹುಡುಕಿ ಹೋಗತೊಡಗಿದ್ದರು.

ಈಗ ಯಾರೋ ಆ ಜಾಗಗಳನ್ನೇ ಒಂದೊಂದಾಗಿ ಕೆಡಿಸುತ್ತಿದ್ದಾರೆ ಎಂಬುದು ಅವಳ ದೂರು. ಹಳೇ ಚಿತ್ರಮಂದಿರದ ಹಳದಿ ಗೋಡೆಗೆ ಡಾಂಬರು ಬಳಿದಿದ್ದರು. ಕ್ಷೌರದಂಗಡಿ ಓಣಿಯ ನೀಲಿ ಬಾಗಿಲಿಗೂ ಅದೇ ಗತಿ. ಹಿಂದಿನ ದಿನ ಸಂಜೆಯಂತೂ ಕಾಲುವೆಯ ಮೇಲಿನ ಕಾಲ್ಸೇತುವೆಯ ಕಂಬಿ ಕಳಚಿ, ಫೋಟೋಗೆಂದು ಒರಗಿ ನಿಂತಿದ್ದ ಶಾಲಾ ಶಿಕ್ಷಕಿಯೊಬ್ಬರು ಹನ್ನೆರಡಡಿ ಕೆಳಗೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು.

“ಫೋಟೋ ತೆಗೆಸ್ಕೊಳ್ಳೋಕೆ ಅಷ್ಟು ದೂರ ಯಾಕೆ ಹೋಗ್ತಾರೋ. ನಮ್ಮ ಠಾಣೇಲಿ ಮುಂದಿಂದ ಒಂದು, ಪಕ್ಕದಿಂದ ಒಂದು ಪುಕ್ಕಟೆ ತೆಗೀತೀವಿ,” ಎಂದ ದಫೇದಾರ. ಇನ್‌ಸ್ಪೆಕ್ಟರ್ ನಗಲಿಲ್ಲ. ಇಪ್ಪತ್ತೆರಡು ವರ್ಷ ಅದೇ ಬೀದಿಗಳಲ್ಲಿ ಬೂಟು ಸವೆಸಿದ್ದ ಅವರ ಕಣ್ಣಿಗೆ ಆ ಒಂಬತ್ತರಲ್ಲಿ ಒಂದೂ ಬಿದ್ದಿರಲಿಲ್ಲ. ಟಿಕೆಟ್ ಹರಿಯುವ ಹೆಣ್ಣುಮಗಳು ಕಂಡದ್ದು ತಮಗೇಕೆ ಕಾಣಲಿಲ್ಲ ಎಂದು ಒಳಗೆಲ್ಲೋ ಚುರುಕ್ಕೆಂದಿತು. ಹನ್ನೊಂದೂವರೆಗೆ ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಕಾಲ್ಸೇತುವೆಯಲ್ಲಿ ಪಂಚನಾಮೆ ನಡೆಯಿತು. ಕಂಬಿಯ ನಾಲ್ಕು ಬೋಲ್ಟುಗಳನ್ನು ಸ್ಪ್ಯಾನರ್ ಹಾಕಿ ಬಿಚ್ಚಲಾಗಿತ್ತು. ಮುರಿದದ್ದಿಲ್ಲ, ಕದ್ದದ್ದೂ ಇಲ್ಲ. ನಟ್ಟುಗಳನ್ನು ಮೂಲೆಯಲ್ಲಿ ಸಾಲಾಗಿ ಜೋಡಿಸಿಟ್ಟಿದ್ದರು. ಕಸುಬು ಬಲ್ಲವರ ಕೈ ಎಂದು ಇನ್‌ಸ್ಪೆಕ್ಟರ್ ಬರೆದುಕೊಂಡರು. ಗೋಡೆಯಿಂದ ಕೆರೆದು ತಂದ ಡಾಂಬರಿನಲ್ಲಿ ಸಣ್ಣ ನಾರಿನ ಎಳೆಗಳಿದ್ದವು. ಸೋರುವ ತಾರಸಿಗೆ ಬಳಿಯುವ ಮಾಲು ಇದು ಎಂದು ಹಾರ್ಡ್‌ವೇರ್ ಅಂಗಡಿಯವನು ನೋಡಿದೊಡನೆ ಹೇಳಿದ.

ಮುಂದಿನ ಎರಡು ದಿನ ನೀರಲ್ಲಿ ಹೋಮವಾಯಿತು. ಕ್ಯಾಮೆರಾ ಹಿಡಿಯಲು ಬಾರದವಳಿಗೆ ಹೆಸರು ಬಂತೆಂದು ಊರೆಲ್ಲ ಹಲುಬಿಕೊಂಡು ತಿರುಗಿದ್ದ ಸ್ಟುಡಿಯೋ ಮಾಲೀಕನನ್ನು ದಫೇದಾರ ಕರೆತಂದ. ಅವನ ಹೊಟ್ಟೆಯಲ್ಲಿ ಕಿಚ್ಚೇನೋ ಇತ್ತು. ಆದರೆ ಹಿಂದಿನ ವಾರವೆಲ್ಲ ಅವನು ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಆಸ್ಪತ್ರೆಯಲ್ಲಿದ್ದ.

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಇನ್ನೊಂದು ದೂರು ಬಂತು. ಮುದ್ರಣಾಲಯದ ಹಿಂದಿನ ಸುರುಳಿ ಮೆಟ್ಟಿಲಿಗೆ ಹಿಂದಿನ ದಿನ ಯಾರೋ ಡಾಂಬರು ಸುರಿದಿದ್ದರು. ಆ ಮೆಟ್ಟಿಲು ಪಟ್ಟಿಯಲ್ಲಿಲ್ಲ, ಇದು ಬೇರೆಯೇ ಕೇಸು ಎಂದು ದಫೇದಾರ ವಾದಿಸಿದ. ಡಾಂಬರಿನಲ್ಲಿ ಮಾತ್ರ ಅದೇ ನಾರು. ಇನ್‌ಸ್ಪೆಕ್ಟರ್ ಬಸ್ ನಿಲ್ದಾಣಕ್ಕೇ ಹೋಗಿ ಕಂಡಕ್ಟರಮ್ಮನಿಗೆ ಮೆಟ್ಟಿಲಿನ ಚಿತ್ರ ತೋರಿಸಿದರು. ಅವಳು ಅದನ್ನು ಹತ್ತಿರ ಹಿಡಿದು ನೋಡಿದಳು.

“ಇದು ಹತ್ತನೇದು ಸಾರ್. ನಾನು ಹತ್ತು ಬರೆದಿದ್ದೆ. ಜಾಗ ಸಾಲಲ್ಲ ಅಂತ ಪೇಪರಿನವರು ಒಂದು ತೆಗೆದ್ರು.”

“ಹತ್ತನೇದು ಯಾರಿಗೆ ಗೊತ್ತಿತ್ತು?”

“ಪೇಪರಿನವರಿಗೆ. ಆಮೇಲೆ... ಅಚ್ಚಾಗೋಕೆ ಮುಂಚೆ ನಮ್ಮಕ್ಕಂಗೆ ಫೋನಲ್ಲಿ ಓದಿ ಹೇಳಿದ್ದೆ.”

“ಅಕ್ಕ ಏನು ಕೆಲಸ ಮಾಡ್ತಾರೆ?”

ಅವಳು ಟಿಕೆಟ್ ಚೀಲದ ಬಾಯಿ ಮುಚ್ಚಿ ಹೇಳಿದಳು. ಅಕ್ಕ ತಾರಸಿ ಸೋರಿಕೆ ರಿಪೇರಿ ಮಾಡಿಸುವ ಮೇಸ್ತ್ರಿ.

ಪುರವಣಿಯ ಸಂಪಾದಕರನ್ನೂ ವಿಚಾರಿಸಿದ್ದಾಯಿತು. ಕತ್ತರಿಸಿ ಬಿಟ್ಟ ಸಾಲುಗಳಲ್ಲಿ ಏನಿತ್ತೆಂಬುದೇ ಅವರಿಗೆ ನೆನಪಿರಲಿಲ್ಲ. ಶುಕ್ರವಾರ ಮಧ್ಯಾಹ್ನ ಇನ್‌ಸ್ಪೆಕ್ಟರ್, ಮಹಿಳಾ ಪೇದೆಯೊಂದಿಗೆ ನಾಲ್ಕು ಮಹಡಿ ಹತ್ತಿ ಒಂದು ತಾರಸಿಗೆ ಬಂದರು. ಬಿಸಿಲಿನಲ್ಲಿ ಮಂಡಿಯೂರಿ ಬಿರುಕಿಗೆ ಡಾಂಬರು ಬಳಿಯುತ್ತಿದ್ದ ಹೆಂಗಸು ತಲೆ ಎತ್ತಿದಳು.

“ಕಂಡಕ್ಟರಮ್ಮನ ಅಕ್ಕ ನೀವೇನಾ?”

“ಹೌದು. ಈಗೀಗ ಎಲ್ಲರಿಗೂ ಹಾಗೇ ಪರಿಚಯ.”

ಅವಳು ಅಡಗಿಸಲು ಹೋಗಲಿಲ್ಲ. ಸೀಮೆಎಣ್ಣೆಯ ಚಿಂದಿಯಿಂದ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಳ್ಳುತ್ತ ಕೇಳಿದ್ದಕ್ಕೆಲ್ಲ ಒಪ್ಪಿಕೊಂಡಳು. ಕಂಬಿ ಅಲ್ಲಾಡಿದರೆ ಸೇತುವೆ ಮುಚ್ಚುತ್ತಾರೆ, ಅಲ್ಲಿಗೂ ಯಾರೂ ಹೋಗುವುದಿಲ್ಲ ಎಂದುಕೊಂಡಿದ್ದಳಂತೆ. ಯಾರೂ ಬೀಳಲೆಂದು ಮಾಡಿದ್ದಲ್ಲವಂತೆ.

“ಒಬ್ಬರು ಬಿದ್ದದ್ದು ಸೋಮವಾರವೇ ನಿಮಗೆ ಗೊತ್ತಾಗಿತ್ತು. ಬುಧವಾರ ಮತ್ತೆ ಮೆಟ್ಟಿಲಿಗೆ ಸುರಿದ್ರಲ್ಲ?”

ಅವಳು ಡಾಂಬರಿನ ಡಬ್ಬಿಗೆ ಮುಚ್ಚಳ ಹಾಕಿ ಎದ್ದು ನಿಂತಳು. ನಾಲ್ಕು ಇಪ್ಪತ್ತಕ್ಕೆ ದಸ್ತಗಿರಿಯಾಯಿತು.

ಠಾಣೆಯಲ್ಲಿ ಹೇಳಿಕೆ ಬರೆಸುವಾಗ ಅವಳು ಇಪ್ಪತ್ತಾರು ವರ್ಷ ಹಿಂದಕ್ಕೆ ಹೋದಳು. ಅಪ್ಪ ಅಮ್ಮ ಇಬ್ಬರೂ ಕಾರ್ಖಾನೆಗೆ ಹೋಗುವವರು. ಶಾಲೆ ಬಿಟ್ಟ ಮೇಲೆ ಆರು ವರ್ಷದ ತಂಗಿಯ ಕೈ ಹಿಡಿದು ಸುತ್ತಾಡಿಸುವುದು ಹನ್ನೊಂದು ವರ್ಷದ ಇವಳ ಪಾಲಿಗೆ ಬಂದಿತ್ತು. ಸೋದರಮಾವ ಕೊಟ್ಟ ಹಳೇ ಕ್ಯಾಮೆರಾ ಒಂದಿತ್ತು. ಹಳದಿ ಗೋಡೆ ಸಂಜೆ ಐದಕ್ಕೆ ಹೊಳೆಯುತ್ತದೆಂದು ಕಂಡುಕೊಂಡವಳು ಇವಳು. ನೀಲಿ ಬಾಗಿಲನ್ನೂ ಸುರುಳಿ ಮೆಟ್ಟಿಲನ್ನೂ ತೋರಿಸಿಕೊಟ್ಟವಳು ಇವಳು. ಆಮೇಲೆ ಅಪ್ಪ ಹಾಸಿಗೆ ಹಿಡಿದಾಗ ಶಾಲೆ ಬಿಟ್ಟವಳೂ, ಕ್ಯಾಮೆರಾ ಮಾರಿದವಳೂ ಇವಳೇ.

“ಪುಟ್ಟಿಗೆ ಹೆಸರು ಬಂತು, ಬರಲಿ. ಫೋನಲ್ಲಿ ಓದ್ತಾ ಇದ್ಲು. ಈಗ ನನ್ನ ಮಾತು ಬರುತ್ತೆ, ಈಗ ಬರುತ್ತೆ ಅಂತ ಹತ್ತನೇದರವರೆಗೂ ಕಾದೆ ಸಾರ್. ಕೊನೇಲಿ ‘ಇವೆಲ್ಲ ನಾನೊಬ್ಬಳೇ ಅಲೆದು ಹುಡುಕಿದ್ದು’ ಅಂತ ಓದಿದ್ಲು. ಚೆನ್ನಾಗಿದ್ಯಾ ಅಕ್ಕ ಅಂದ್ಲು. ಚೆನ್ನಾಗಿದೆ ಅಂದೆ.”

ಆರೂವರೆಗೆ ತಂಗಿ ಓಡಿ ಬಂದು ದೂರು ವಾಪಸು ಕೊಡಿ ಎಂದಳು. ಶಿಕ್ಷಕಿಗೆ ಎರಡನೆಯ ಆಪರೇಷನ್ ಆಗಿದೆ, ಇದು ಇನ್ನು ಅಕ್ಕತಂಗಿಯರ ಕೈಯಲ್ಲಿಲ್ಲ ಎಂದು ಇನ್‌ಸ್ಪೆಕ್ಟರ್ ತಿಳಿಸಿ ಹೇಳಿದರು. ಅಕ್ಕನನ್ನು ನೋಡಬೇಕೆಂದಳು. ಮಹಿಳಾ ಪೇದೆ ಒಳಗೆ ಹೋಗಿ ಕೇಳಿ ಬಂದು, ಇವತ್ತು ಬೇಡವಂತೆ ಎಂದಳು.

ಅಕ್ಕನ ಮನೆಯಲ್ಲಿ ಜಪ್ತಿಯಾದ ವಸ್ತುಗಳಲ್ಲಿ ಸ್ಪ್ಯಾನರಿನ ಜೊತೆ ಒಂದು ಲಕೋಟೆಯೂ ಇತ್ತು. ಒಳಗೆ ಹನ್ನೊಂದು ಹಳೇ ಫೋಟೋಗಳು. ಗುರುತು ಹಿಡಿಯಲೆಂದು ಇನ್‌ಸ್ಪೆಕ್ಟರ್ ಅವನ್ನು ತಂಗಿಯ ಮುಂದೆ ಮೇಜಿನ ಮೇಲೆ ಹರಡಿದರು. ಹಳದಿ ಗೋಡೆ, ನೀಲಿ ಬಾಗಿಲು, ಸೇತುವೆ, ಮೆಟ್ಟಿಲು. ಪ್ರತಿಯೊಂದರಲ್ಲೂ ಎರಡು ಜಡೆಯ ಒಬ್ಬಳೇ ಪುಟ್ಟ ಹುಡುಗಿ.

“ಇದು ನೀವು ತಾನೇ?”

“ಹೌದು.”

“ತೆಗೆದವರು?”

ಅವಳು ಒಂದು ಫೋಟೋವನ್ನು ಕೈಗೆತ್ತಿಕೊಂಡು, “ಅಕ್ಕ,” ಎಂದಳು. ದಫೇದಾರ ಅದನ್ನು ಬರೆದುಕೊಂಡು, ಸಹಿಗೆಂದು ಹಾಳೆಯನ್ನು ಅವಳ ಕಡೆ ತಿರುಗಿಸಿದ.